ಮಂಜೋ, ನೀರೇ ಇಲ್ಲವೋ?

ಜೋಗಕ್ಕೆ ಬಂದು ನಿರಾಶರಾಗಿ ಹೋಗುವವರಲ್ಲಿ ಎರಡು ಥರ. ಮಳೆಗಾಲದಲ್ಲಿ ಬಂದವರಿಗೆ ಮಂಜು ಅಡ್ಡ: ನೀರಿನ ಸದ್ದು ಎದೆಗೆ ಬಡಿಯುತ್ತದೆ, ಕಣ್ಣಿಗೆ ಬರೀ ಬಿಳಿ ಗೋಡೆ. ಬೇಸಿಗೆಯಲ್ಲಿ ಬಂದವರಿಗೆ ಬಂಡೆಯೆಲ್ಲ ನಿಚ್ಚಳ, ನೀರೇ ಇಲ್ಲ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ ಸಾಗರಕ್ಕೆ ಬರುವ ಶರಾವತಿಯನ್ನು 1964ರಿಂದ ಲಿಂಗನಮಕ್ಕಿಯಲ್ಲಿ ಕಟ್ಟಿ ಹಾಕಿದ್ದೇವಲ್ಲ! ನಮ್ಮ ಕಡೆಯವರಿಗೆ ಈ ಎರಡರ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಖಗೋಳ ವಿಜ್ಞಾನಿಗಳು ಮಾತ್ರ ಇದೇ ಪ್ರಶ್ನೆಗೆ ದಶಕಗಟ್ಟಲೆ ತಲೆ ಕೆಡಿಸಿಕೊಂಡರು.

ಕೆಲವು ಗೆಲಾಕ್ಸಿಗಳ ನಡುಮಧ್ಯೆ ದೈತ್ಯ ಕಪ್ಪುಕುಳಿ ಇರುತ್ತೆ. ಅದರೊಳಗೆ ಬೀಳುವ ಅನಿಲ ಕಾದು ಬೆಳಗುತ್ತೆ. ಇಂಥವುಗಳ ಬೆಳಕನ್ನು ಬಿಡಿಸಿ ನೋಡಿ 1943ರಲ್ಲಿ ಕಾರ್ಲ್ ಸೀಫರ್ಟ್ ಬರೆದರು. 1974ರಲ್ಲಿ ಖಚಿಕಿಯನ್ ಮತ್ತು ವೀಡ್‌ಮನ್ ಇವನ್ನು ಎರಡು ಜಾತಿ ಮಾಡಿದರು. ರೋಹಿತದಲ್ಲಿ ಅಗಲವಾದ ಗೆರೆ ಕಂಡರೆ, ಅಂದರೆ ಕುಳಿಯ ಹತ್ತಿರ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಓಡುವ ಅನಿಲ ಕಂಡರೆ, ಟೈಪ್ 1. ಕಾಣದಿದ್ದರೆ ಟೈಪ್ 2. ಆಮೇಲೆ 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್, ಎನ್‌ಜಿಸಿ 1068 ಎಂಬ ಟೈಪ್ 2 ಗೆಲಾಕ್ಸಿಯಿಂದ ಚದುರಿ ಬಂದ ಬೆಳಕಿನಲ್ಲಿ ಅದೇ ಅಗಲ ಗೆರೆಗಳು ಅಡಗಿರೋದನ್ನು ತೋರಿಸಿದರು. ಒಳಗಿನ ಯಂತ್ರ ಒಂದೇ, ಉದ್ದಿನವಡೆಯಂಥ ಧೂಳಿನ ಬಳೆ ಅಡ್ಡ ಬಂದಿದೆ ಅಷ್ಟೆ. ಎಲ್ಲ ನಾವು ಎಲ್ಲಿ ನಿಂತಿದ್ದೇವೆ ಅನ್ನೋದರ ಮೇಲೆ. ಒಟ್ಟಿನಲ್ಲಿ, ಮಂಜು! ಚೆಂದದ ಥಿಯರಿ.

ಆದರೆ ನಾವು ನಿಂತ ಜಾಗ ನಮ್ಮ ಆಯುಷ್ಯದಲ್ಲಿ ಬದಲಾಗಲ್ಲ. ಮಾರ್ಕೇರಿಯನ್ 1018ಕ್ಕೆ ಇದು ಯಾರೂ ಹೇಳಿರಲಿಲ್ಲವೇನೋ. 1979ರಲ್ಲಿ ಹೆಚ್ಚುಕಮ್ಮಿ ಟೈಪ್ 2ರಂತಿದ್ದದ್ದು 1984ರ ಹೊತ್ತಿಗೆ ಅಪ್ಪಟ ಟೈಪ್ 1. ದಶಕಗಳ ಕಾಲ ಹಾಗೇ ಬೆಳಗಿ, 2015ರಲ್ಲಿ ನೋಡಿದರೆ ಮತ್ತೆ ಹಳೆಯ ಅವತಾರ! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಾನ್‌ಸ್ಟಂಟ್ ಅಂತ ಡಿಕ್ಲೇರ್ ಮಾಡಿದ್ದು ವೇರಿಯಬಲ್ ಆಗಿತ್ತು. 1979ರ ದಾಖಲೆಯನ್ನು ಯಾರೋ ಎತ್ತಿಡದೇ ಹೋಗಿದ್ದರೆ 1984ರಲ್ಲಿ 'ಟೈಪ್ 1' ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಿರೋರು.

ಹಾಗಾದರೆ ಮೋಡ ಅಡ್ಡ ಬಂತಾ? ಪರೀಕ್ಷೆ ಸುಲಭ. ದಟ್ಟ ಮೋಡ ಅಡ್ಡ ಬಂದರೆ ಕಡಿಮೆ ಶಕ್ತಿಯ ಎಕ್ಸ್-ರೇಗಳನ್ನು ಅದು ನುಂಗಬೇಕು. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ದೂರದರ್ಶಕಕ್ಕೆ ಅಂಥ ಗುರುತು ಸಿಗಲಿಲ್ಲ. ಮಂಜಲ್ಲ, ನೀರೇ ಕಡಿಮೆಯಾಗಿದೆ ಅಂತ 2016ರಲ್ಲಿ ತಂಡದವರು ಬರೆದರು. (ಎಲ್ಲ ಕಡೆ ಹೀಗೇ ಅಲ್ಲ. ಎನ್‌ಜಿಸಿ 1365ರಲ್ಲಿ ನಿಜಕ್ಕೂ ಮೋಡಗಳು ಹಾದುಹೋಗುತ್ತವೆ.)

ಅಲ್ಲಿಗೆ ಜಗಳ ಮುಗೀಲಿಲ್ಲ. ಹಳೆಯ ಲೆಕ್ಕದ ಪ್ರಕಾರ ಕುಳಿಯ ಸುತ್ತಲಿನ ಅನಿಲದ ತಟ್ಟೆ ಬರಿದಾಗೋಕೆ ಸಾವಿರಾರು ವರ್ಷವಾದರೂ ಬೇಕು. ಇಲ್ಲಿ ಕೆಲವೇ ವರ್ಷಗಳಲ್ಲಿ ಇಳಿದುಹೋಗಿದೆ, ಮೇಲೆ ಗೇಟು ಹಾಕೋಕೆ ಲಿಂಗನಮಕ್ಕಿಯೂ ಇಲ್ಲ. ಉತ್ತರ ಸಿಗಬೇಕಾದರೆ ಅದೇ ಗೆಲಾಕ್ಸಿಯನ್ನು ಮತ್ತೆ ಮತ್ತೆ ನೋಡಬೇಕು. ಲಡಾಖ್‌ನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕದಲ್ಲಿ ನಮ್ಮವರು ಇಂಥ ಗೆಲಾಕ್ಸಿಗಳನ್ನು ನೋಡುತ್ತಾರೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ.