ಬೆಟ್ಟದ ಹೆಸರು ಮತ್ತು ಎರಡು ಬಗೆಯ ಶಾಸನ

ಕನ್ನಡದಲ್ಲಿ ‘ಶಾಸನ’ವೆಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ: ಕಲ್ಲಿನ ಬರಹ ಒಂದು, ಶಾಸಕಾಂಗ ರೂಪಿಸುವ ಕಾನೂನು ಇನ್ನೊಂದು. ಬೆಟ್ಟವೊಂದಕ್ಕೆ ವ್ಯಕ್ತಿಯ ಹೆಸರನ್ನು ಅಧಿಕೃತವಾಗಿ ಇಡುವ ಪ್ರಶ್ನೆಯನ್ನು ಈ ಎರಡೂ ಅರ್ಥಗಳ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಮುಂಬಯಿಯ ಸಯನ್ ಗುಡ್ಡದಿಂದ ಆರಂಭಿಸಬಹುದು. ಜೆರಾಲ್ಡ್ ಆಂಜಿಯರ್ ಗವರ್ನರನಾಗಿದ್ದ 1669–77ರ ಅವಧಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅದರ ಮೇಲೆ ಕೋಟೆ ಕಟ್ಟಿತು. ಇಂಗ್ಲಿಷರ ದ್ವೀಪವೂ ಪೋರ್ಚುಗೀಸರ ಸಾಷ್ಟಿಯೂ ಅಂದು ಅಲ್ಲಿ ಬೇರ್ಪಡುತ್ತಿದ್ದವು. ಮರಾಠಿಯ ‘ಶೀವ’ ಎಂದರೆ ಎಲ್ಲೆ. ಅದಕ್ಕೂ ನಮ್ಮ ‘ಸೀಮೆ’ಗೂ ಸಂಸ್ಕೃತದ ‘ಸೀಮಾ’ ಮೂಲ. ಜೆರೂಸಲೇಮಿನ ಬೆಟ್ಟದ ಹೆಸರನ್ನು ಪಾದ್ರಿಗಳು ಇಲ್ಲಿಗೆ ತಂದರೆಂಬ ಐತಿಹ್ಯವೂ ಉಂಟು. ಆದರೆ ನೆಲದ ಇತಿಹಾಸ ಮರಾಠಿ ರೂಪವನ್ನೇ ಸಮರ್ಥಿಸುತ್ತದೆ. ಗುಡ್ಡದ ಬುಡದ ಉದ್ಯಾನಕ್ಕೆ ಜವಾಹರಲಾಲ್ ನೆಹರೂ ಅವರ ಹೆಸರಿದೆ. ಗುಡ್ಡ ಮಾತ್ರ ಅಳಿದುಹೋದ ಗಡಿಯೊಂದರ ಹೆಸರನ್ನೇ ಹೊತ್ತು ನಿಂತಿದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸ್ಥಿತಿ ಇದಕ್ಕಿಂತ ಭಿನ್ನ. ಮೌರ್ಯ ಚಂದ್ರಗುಪ್ತನ ನೆನಪಿನಿಂದ ಅದು ಚಂದ್ರಗಿರಿ. ಆದರೆ ಸುಮಾರು ಕ್ರಿ.ಶ. 600ರ ಅಲ್ಲಿನ ಶಾಸನದಲ್ಲಿ ಬೆಟ್ಟದ ಹೆಸರು ಕಟವಪ್ರ. ಕನ್ನಡ ರೂಪ ಕಳ್ಬಪ್ಪು. ಆ ಶಾಸನ ಹೇಳುವುದು ಪ್ರಭಾಚಂದ್ರನೆಂಬ ಆಚಾರ್ಯನ ಸಮಾಧಿಯನ್ನು. ಚಂದ್ರಗುಪ್ತನ ಹೆಸರು ಅಲ್ಲಿಲ್ಲ. ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದಚಿಹ್ನೆಗಳು ಈ ಬೆಟ್ಟದಲ್ಲಿವೆಯೆಂಬ ಮಾತು ಶ್ರೀರಂಗಪಟ್ಟಣದ ಬಳಿಯ, ಸುಮಾರು 900ರ ಶಾಸನಗಳಲ್ಲಿ ಬರುತ್ತದೆ. ಈ ಚಂದ್ರಗುಪ್ತ ಮೌರ್ಯನೇ ಎಂಬ ಲೂಯಿ ರೈಸ್ ಅವರ ಮತವನ್ನು ಫ್ಲೀಟ್ ಒಪ್ಪಲಿಲ್ಲ. ಈ ಚರ್ಚೆ ಸಾಧ್ಯವಾದದ್ದೇ ಹಳೆಯ ಹೆಸರು ಕಲ್ಲಿನಲ್ಲಿ ಉಳಿದುದರಿಂದ. ‘ಚಂದ್ರಗಿರಿ’ಯೊಂದೇ ನಮಗೆ ದಕ್ಕಿದ್ದರೆ, ವಿವಾದದ ತೀರ್ಮಾನವನ್ನೇ ಹೆಸರೆಂದು ಒಪ್ಪಿಕೊಂಡಂತಾಗುತ್ತಿತ್ತು.

ಇನ್ನು ಕಾನೂನಿನ ಮಾರ್ಗ. ಅಲಾಸ್ಕದ ಸ್ಥಳೀಯರು ಡೆನಾಲಿ ಎಂದು ಕರೆಯುವ ಶಿಖರಕ್ಕೆ 1896ರಲ್ಲಿ ಚಿನ್ನ ಅರಸಿ ಬಂದವನೊಬ್ಬ ರಾಜಕಾರಣಿ ಮೆಕಿನ್ಲಿಯ ಹೆಸರಿಟ್ಟ. 1917ರಲ್ಲಿ ಅಮೆರಿಕದ ಕಾಂಗ್ರೆಸ್ ರಾಷ್ಟ್ರೀಯ ಉದ್ಯಾನದ ಕಾಯಿದೆಯಲ್ಲಿ ಆ ಹೆಸರನ್ನೇ ಬಳಸಿತು. 1975ರಲ್ಲಿ ಅಲಾಸ್ಕ ರಾಜ್ಯವು ಹಳೆಯ ಹೆಸರನ್ನು ಕೇಳಿತು. ಕಾಂಗ್ರೆಸ್ಸಿನಲ್ಲಿ ಮಸೂದೆ ಬಾಕಿಯಿರುವಾಗ ಹೆಸರುಗಳ ಮಂಡಳಿ ನಿರ್ಣಯ ಕೈಗೊಳ್ಳುವುದಿಲ್ಲ. ಮೆಕಿನ್ಲಿಯ ತವರಾದ ಒಹಾಯೊದ ಪ್ರತಿನಿಧಿಯೊಬ್ಬರು ಮತ್ತೆ ಮತ್ತೆ ಮಸೂದೆ ಮಂಡಿಸಿ ಆ ಬೇಡಿಕೆಯನ್ನು ತಡೆದರು. 2015ರಲ್ಲಿ ಆಡಳಿತಾತ್ಮಕ ಆದೇಶದಿಂದ ಡೆನಾಲಿ ಬಂತು. 2025ರಲ್ಲಿ ಅಧ್ಯಕ್ಷರ ಆದೇಶದಿಂದ ಮೆಕಿನ್ಲಿ ಮರಳಿತು.

ನಮ್ಮಲ್ಲಿ ರಾಜ್ಯದ ಹೆಸರಿಗೆ ಸಂಸತ್ತಿನ ಕಾಯಿದೆ ಬೇಕು. ಮೈಸೂರು 1973ರಲ್ಲಿ ಕರ್ನಾಟಕವಾದದ್ದು ಹಾಗೆ. ಊರುಗಳ ಹೆಸರಿನ ಬಗೆಗೆ ಕೇಂದ್ರ ಗೃಹ ಸಚಿವಾಲಯದ 1953ರ ಮಾರ್ಗಸೂಚಿಯಿದೆ. ಐತಿಹಾಸಿಕ ಸಂಬಂಧವುಳ್ಳ ಹೆಸರುಗಳನ್ನು ಆದಷ್ಟೂ ಬದಲಿಸಬಾರದೆಂಬುದು ಅದರ ಆಶಯ. ಬೆಟ್ಟಗಳಿಗೂ ಈ ಆಶಯ ಅನ್ವಯವಾಗುವುದು ಯುಕ್ತ. ಹಿರಿಯರ ಸ್ಮರಣೆ ಬೇಡವೆಂದು ಇದರ ಅರ್ಥವಲ್ಲ. ಹೊಸ ಹೆಸರನ್ನು ವಿಧಿಸುವ ಶಾಸನವು ಹಳೆಯ ಹೆಸರನ್ನೂ ತನ್ನ ಪಾಠದಲ್ಲಿ ದಾಖಲಿಸಲಿ ಎಂಬುದಷ್ಟೇ ನಮ್ಮ ಸೂಚನೆ. ಕಟವಪ್ರದ ಕಲ್ಲು ಮುಂದಿನವರಿಗೆ ಮಾಡಿದ ಉಪಕಾರವನ್ನು ಕಾಗದದ ಶಾಸನವೂ ಮಾಡಬಹುದು.