ಕಚೇರಿಗಳ ಒಳಾಂಗಣ ವಾಯುಮಾಲಿನ್ಯ

ಕಚೇರಿ ಕಟ್ಟಡದೊಳಗಿನ ಗಾಳಿಯಲ್ಲಿ ಧೂಳು, ಅನಿಲ ಮತ್ತು ಸೂಕ್ಷ್ಮಜೀವಿಗಳು ಆರೋಗ್ಯಕ್ಕೆ ಹಾನಿಯಾಗುವಷ್ಟು ಸೇರಿಕೊಳ್ಳುವುದನ್ನು ಕಚೇರಿಗಳ ಒಳಾಂಗಣ ವಾಯುಮಾಲಿನ್ಯ ಎನ್ನುತ್ತಾರೆ. ಎಂಟು ಗಂಟೆ ಕುಳಿತು ದುಡಿಯುವ ನೌಕರರು ದಿನದ ಮೂರನೆಯ ಒಂದು ಭಾಗ ಈ ಗಾಳಿಯನ್ನೇ ಉಸಿರಾಡುತ್ತಾರೆ.

ಮೂಲಗಳು

ಹೊಸ ಪ್ಲೈವುಡ್ ಪೀಠೋಪಕರಣಗಳಿಂದ ಫಾರ್ಮಾಲ್ಡಿಹೈಡ್, ಬಣ್ಣ ಮತ್ತು ವಾರ್ನಿಷ್‌ನಿಂದ ಇತರ ರಾಸಾಯನಿಕ ಆವಿಗಳು, ಲೇಸರ್ ಪ್ರಿಂಟರ್ ಹಾಗೂ ಜೆರಾಕ್ಸ್ ಯಂತ್ರಗಳಿಂದ ಓಝೋನ್ ಮತ್ತು ಸೂಕ್ಷ್ಮಕಣಗಳು ಹೊರಬೀಳುತ್ತವೆ. ಹಳೆಯ ಕಡತಗಳ ಧೂಳು, ತೇವಗೊಂಡ ಗೋಡೆಯ ಬೂಷ್ಟು ಕೂಡ ಮಾಲಿನ್ಯಕ್ಕೆ ಕಾರಣ.

ಕರ್ನಾಟಕದಲ್ಲಿ

ಸಮಸ್ಯೆಯ ಸ್ವರೂಪ ಊರು ಮತ್ತು ಕಟ್ಟಡವನ್ನು ಅವಲಂಬಿಸಿದೆ. ಮಳೆ ಕಡಿಮೆಯಿರುವ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಂತಹ ಊರುಗಳಲ್ಲಿ ತೆರೆದ ಕಿಟಕಿಯಿಂದ ಹೊಸ ಗಾಳಿಯ ಜೊತೆಗೆ ಒಣಭೂಮಿಯ ಧೂಳೂ ಒಳಬರುತ್ತದೆ. ಬೆಂಗಳೂರಿನ ಹವಾನಿಯಂತ್ರಿತ ಕಚೇರಿಗಳಲ್ಲಿ ಹೊರಗಿನ ಧೂಳು ಕಡಿಮೆಯಾದರೂ ಒಳಗಿನ ಮಾಲಿನ್ಯ ಹೊರಹೋಗದೆ ಉಳಿಯಬಹುದು. ಸಾಮಾನ್ಯ ಸ್ಪ್ಲಿಟ್ ಎ.ಸಿ. ಕೊಠಡಿಯ ಗಾಳಿಯನ್ನೇ ತಂಪುಗೊಳಿಸಿ ಮರಳಿಸುತ್ತದೆ. ಹೊರಗೆ ಸುಮಾರು 420 ಪಿಪಿಎಂ ಇರುವ ಇಂಗಾಲದ ಡೈಆಕ್ಸೈಡ್ ಜನ ತುಂಬಿದ ಮುಚ್ಚಿದ ಕೊಠಡಿಯಲ್ಲಿ 1,000 ದಾಟುವುದುಂಟು.

ಪರಿಣಾಮಗಳು

ಕಣ್ಣುರಿ, ಗಂಟಲ ಕೆರೆತ, ತಲೆನೋವು, ಮಂಪರು ಸಾಮಾನ್ಯ ಲಕ್ಷಣಗಳು. ಕಚೇರಿಯಿಂದ ಹೊರಬಂದ ಮೇಲೆ ಇವು ಶಮನವಾಗುವುದರಿಂದ ಕಾರಣ ಗಮನಕ್ಕೆ ಬರುವುದು ಅಪರೂಪ. ಆಸ್ತಮಾ ಇರುವವರಲ್ಲಿ ಉಬ್ಬಸ ಹೆಚ್ಚಬಹುದು.

ಮಾನದಂಡ ಮತ್ತು ನಿಯಂತ್ರಣ

ಭಾರತದ ಕಚೇರಿಗಳೊಳಗೆ 2008ರ ಅಕ್ಟೋಬರ್ 2ರಿಂದ ಧೂಮಪಾನ ನಿಷಿದ್ಧ. ಆದರೆ 2009ರ ರಾಷ್ಟ್ರೀಯ ವಾಯುಗುಣಮಟ್ಟ ಮಾನದಂಡಗಳು ಹೊರಾಂಗಣ ಗಾಳಿಗೆ ಸಂಬಂಧಿಸಿದವು, ಪಿಎಂ 2.5 ಕಣಗಳಿಗೆ ಅವುಗಳ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಒಳಾಂಗಣಕ್ಕೂ ಅನ್ವಯವಾಗುತ್ತದೆ. ಅದರ ಮಿತಿ 5 ಮೈಕ್ರೊಗ್ರಾಂ. ಒಣಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಎ.ಸಿ. ಫಿಲ್ಟರ್ ತೊಳೆಯುವುದು, ಪ್ರಿಂಟರ್‌ಗಳನ್ನು ದೂರವಿಡುವುದು ಮತ್ತು ಧೂಳು ಏಳದ ಹೊತ್ತಿನಲ್ಲಿ ಕಿಟಕಿ ತೆರೆಯುವುದು ಸುಲಭ ಉಪಾಯಗಳು.