ಡರ್ಟಿ ಕೌ: ಫೋನ್ ಅಪ್‌ಡೇಟ್ ಏಕೆ ಬೇಕು?

‘ಸೆಕ್ಯುರಿಟಿ ಅಪ್‌ಡೇಟ್ ಹಾಕಿದರೂ ಹೊಸದೇನೂ ಕಾಣುವುದಿಲ್ಲ, ಅದು ಬೇಡ’ ಎನ್ನುವವರಿದ್ದಾರೆ. ಇದು ತಪ್ಪು.

ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನೆಲ್. ಯಾವ ಆ್ಯಪ್ ಮೆಮೊರಿಯಲ್ಲಿ ಎಲ್ಲಿ ಬರೆಯಬಹುದು ಎಂದು ನಿರ್ಧರಿಸುವುದು ಅದೇ. ಹಲವರು ಹಂಚಿಕೊಂಡ ಪುಟವನ್ನು ಒಂದು ಆ್ಯಪ್ ತಿದ್ದಹೊರಟರೆ ಕರ್ನೆಲ್ ಅದಕ್ಕೆ ಬೇರೆ ನಕಲು ಕೊಡುತ್ತದೆ. ಮೂಲ ಹಾಗೆಯೇ ಉಳಿಯಬೇಕು. ಆದರೆ ನಕಲಾದ ಕ್ಷಣದಲ್ಲೇ ಅದನ್ನು ಬಿಸಾಡಲು ಹೇಳಿದರೆ, ಕರ್ನೆಲ್ ಎಡವಿ ಮೂಲಕ್ಕೇ ಬರೆಯುತ್ತಿತ್ತು. ಹೀಗೆ ಸಾಮಾನ್ಯ ಪ್ರೋಗ್ರಾಂ ಕೂಡ ಇಡೀ ಸಿಸ್ಟಮ್ ಮೇಲೆ ಹಿಡಿತ ಸಾಧಿಸಬಹುದಿತ್ತು. ಇದೇ ‘ಡರ್ಟಿ ಕೌ’.

2005ರಲ್ಲೇ ಲಿನಸ್ ಟೊರ್ವಾಲ್ಡ್ಸ್ ಇದನ್ನು ಸರಿಪಡಿಸಲು ಯತ್ನಿಸಿದ್ದರು; ಬೇರೊಂದು ಬಗೆಯ ಕಂಪ್ಯೂಟರ್‌ಗಳಲ್ಲಿ ತೊಂದರೆಯಾಗಿ ಆ ತಿದ್ದುಪಡಿ ರದ್ದಾಯಿತು. ‘ನಕಲಾಗಿದೆ’ ಎಂದು ನೆನಪಿಡುವ ಗುರುತು ಸೇರಿಸಿ ಪರಿಹಾರ ಕೊಟ್ಟದ್ದು 2016ರ ಅಕ್ಟೋಬರ್‌ನಲ್ಲಿ. ಅದು ಫೋನ್‌ಗೆ ತಲುಪುವುದು ಅಪ್‌ಡೇಟ್ ಮೂಲಕವೇ.

ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಬೇಡಿ, ಸೆಟ್ಟಿಂಗ್ಸ್‌ನಿಂದಲೇ ಅಪ್‌ಡೇಟ್ ಮಾಡಿ.